ಮೇಸ್ತ್ರಿ ಇಲ್ಲದ ಕಂಟೇನರ್

ನಮ್ಮ ಮುಳಬಾಗಿಲಿನ ಕಡೆ ‘ತಿಂಡಿ’ ಎಂಬ ಪದವನ್ನು ನಂಬಿಕೊಂಡು ಹಸಿದ ಹೊಟ್ಟೆಯಲ್ಲಿ ಮನೆ ಬಿಡಬೇಡಿ. ಒಮ್ಮೆ ಗಡಿಯಾಚೆಯ ನೆಂಟರು, ನಾಳೆ ನಿನ್ನ ತಿಂಡಿ ನಮ್ಮ ಮನೆಯಲ್ಲೇ ಎಂದು ತೆಲುಗಿನಲ್ಲಿ ಹೇಳಿದ್ದನ್ನು ಕೇಳಿ, ಇಡ್ಲಿಯನ್ನು ನೆನೆಯುತ್ತಾ ಬೆಳಗ್ಗೆಯೇ ಹೋಗಿ ಅವರ ಜಗುಲಿಯಲ್ಲಿ ಕೂತೆ. ಅವರ ತಿಂಡಿಯೆಂದರೆ ಊಟ, ಒಲೆಯಿನ್ನೂ ಹೊತ್ತಿರಲಿಲ್ಲ. ಎರಡು ಭಾಷೆಯನ್ನೂ ಬಾಯಲ್ಲಿಟ್ಟುಕೊಂಡೇ ಬೆಳೆದವನು ನಾನು, ಆದರೂ ಮೋಸಹೋದೆ. ತಿಳಿಯದ ಪದವಾದರೆ ಅರ್ಥ ಕೇಳುತ್ತೇವೆ, ತಿಳಿದ ಪದಕ್ಕೆ ಯಾರು ಕೇಳುತ್ತಾರೆ ಹೇಳಿ?

ಈಚೆಗೆ ಕಂಪ್ಯೂಟರಿನ ಒಳಗೂ ಇದೇ ತಿಂಡಿ ನನ್ನನ್ನು ಉಪವಾಸ ಕೆಡವಿತು.

ನನ್ನ ಕಸುಬು ರೇಷ್ಮೆ ಹುಳುಮನೆಗಳ ಗೋಡೆಗೆ ಎಚ್ಚರಿಕೆಯ ಡಬ್ಬಿ ಕೂರಿಸುವುದು. ಯಾವ ಕಾಲೇಜೂ ಕಲಿಸಿದ್ದಲ್ಲ. ಗುಜರಿಯಲ್ಲಿ ಚೌಕಾಸಿ ಮಾಡಿ ತಂದ ಪುಟ್ಟ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ, ಕೆಡಿಸಿ, ಮತ್ತೆ ಹಾಕಿ ಕಲಿತದ್ದು. ಹುಳುಮನೆಯ ಶಾಖ ಮಿತಿ ಮೀರಿದರೆ ಮಾಲೀಕರ ಫೋನು ಬಡಿದುಕೊಳ್ಳಬೇಕು, ಅಷ್ಟೇ ಅದರ ಕೆಲಸ. ಒಳಗಿನ ಪ್ರೋಗ್ರಾಮುಗಳನ್ನು ಕಂಟೇನರಿನಲ್ಲಿ ಇಡುತ್ತೇನೆ. ಕಂಟೇನರ್ ಎಂದರೆ ಹಡಗಿನ ಕಬ್ಬಿಣದ ಪೆಟ್ಟಿಗೆಯಲ್ಲ. ಪ್ರೋಗ್ರಾಮನ್ನು ಅದರ ಪಾತ್ರೆ ಪಡಗ, ಹಾಸಿಗೆ ಹೊದಿಕೆಯ ಸಮೇತ ಕಟ್ಟಿಟ್ಟ ಗಂಟು. ಯಾವ ಯಂತ್ರದಲ್ಲಿ ಬಿಚ್ಚಿದರೂ ಅಲ್ಲೇ ಸಂಸಾರ ಹೂಡುತ್ತದೆ.

ಈ ಗಂಟುಗಳನ್ನು ಬಿಚ್ಚಿ, ಕಟ್ಟಿ, ನಡೆಸಲು ಒಂದು ಸಾಧನ ಬೇಕು. ಬಹುಕಾಲ ಡಾಕರ್ ಬಳಸಿದೆ. ಅದರಲ್ಲಿ ಹಗಲಿರುಳೂ ಎಚ್ಚರವಿರುವ ಒಬ್ಬ ಮೇಸ್ತ್ರಿ ಹಿನ್ನೆಲೆಯಲ್ಲಿ ಕೂತಿರುತ್ತಾನೆ, ಆಳುಗಳು ಅವನ ಕೈಕೆಳಗೆ. ಮೇಸ್ತ್ರಿಯೂ ಒಂದಿಷ್ಟು ಜಾಗ ತಿನ್ನುತ್ತಾನಲ್ಲ, ಅದು ನನ್ನ ಚೌಕಾಸಿ ಕಣ್ಣಿಗೆ ಚುಚ್ಚುತ್ತಿತ್ತು. ಪಾಡ್‌ಮ್ಯಾನ್ ಎಂಬ ಇನ್ನೊಂದಿದೆ, ಅದಕ್ಕೆ ಮೇಸ್ತ್ರಿಯೇ ಬೇಡ, ಆಜ್ಞೆಗಳೂ ಹೆಚ್ಚುಕಡಿಮೆ ಅವೇ, ಹಳೆಯ ಹೆಸರು ಹಿಡಿದು ಕೂಗಿದರೂ ಓಗೊಡುವಂತೆ ಮಾಡಬಹುದು ಎಂದು ತಿಳಿದ ದಿನ ನನಗೆ ಹಿಡಿಸಲಾರದಷ್ಟು ಹಿಗ್ಗು. ತಾಯಲೂರಿನಲ್ಲಿರುವ ಚಿಕ್ಕಪ್ಪನ ಮಗಳು ರತ್ನಮ್ಮನ ಡಬ್ಬಿಯಲ್ಲೇ ಮೊದಲು ಬದಲಾಯಿಸಿದೆ. ಸ್ವಂತದವರ ಸಾಮಾನಿನ ಮೇಲೆ ಪ್ರಯೋಗ ಮಾಡಲು ನಮಗೆ ಎಲ್ಲಿಲ್ಲದ ಧೈರ್ಯ.

ಆಮೇಲಿನ ಗೋಳು ಕೇಳಿ. ಹೊಸದು ಹಳೆಯದರ ಉಗ್ರಾಣವನ್ನು ತಿರುಗಿಯೂ ನೋಡಲಿಲ್ಲ. ಕೂಡಿಟ್ಟ ಮಾಹಿತಿಯನ್ನೆಲ್ಲ ನಾನೇ ಹೊತ್ತು ಸಾಗಿಸಬೇಕಾಯಿತು. ಗಂಟು ತಾ ಎಂದರೆ ಯಾವ ಗೋದಾಮಿನಿಂದ ಎಂದು ಕೇಳಿತು. ನನ್ನದೇ ಫೈಲು ಮುಟ್ಟಲು ಅನುಮತಿಯಿಲ್ಲ ಎಂದಿತು. ಎಲ್ಲವನ್ನೂ ಗೊಣಗುತ್ತಾ ಸರಿಪಡಿಸಿ, ಯಂತ್ರ ಆರಿಸಿ ಹಚ್ಚಿದರೂ ತಾನಾಗಿ ಏಳುವಂತೆ ಬರೆದು, ಗೆದ್ದೆ ಎಂದುಕೊಂಡೆ.

ಆಗ ರತ್ನಮ್ಮನ ಹುಳುಗಳು ನಾಲ್ಕನೇ ಜ್ವರ ಕಳೆದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ಮುಂಚಿನ ಮಹಾ ಹಸಿವಿನಲ್ಲಿದ್ದವು. ಈ ಹಂತದಲ್ಲಿ ಶಾಖ ಏರಿದರೆ ಇಡೀ ಬೆಳೆ ಕೈಬಿಡುತ್ತದೆ. ಗಂಡ ಟೊಮೇಟೊ ಲೋಡು ಹಿಡಿದು ಊರೂರು ಸುತ್ತುವವನು. ಹುಳುವಿದ್ದಾಗ ಅವಳು ಹೊಸಿಲು ದಾಟಿದ್ದೇ ಇಲ್ಲ. ಈ ಸಲ ಯಲ್ದೂರಿನಲ್ಲಿ ತಂಗಿಯ ಮಗಳ ಸೀಮಂತ. ತಾನೇ ಎತ್ತಿ ಆಡಿಸಿದ ಮಗು, ಹೋಗಲೇಬೇಕು ಅವಳಿಗೆ. ಡಬ್ಬಿ ಹಾಕಿಸಿಕೊಂಡದ್ದೇ ಅದಕ್ಕೆ.

ಆದರೆ ಅವಳು ಬಿಸಿ ಪಾತ್ರೆ ಹಿಡಿದು ಪರೀಕ್ಷಿಸಿದರೆ ಫೋನು ಸದ್ದೇ ಮಾಡಲಿಲ್ಲವಂತೆ. ನಾನು ಮುಳಬಾಗಿಲಿನಿಂದಲೇ ಲಾಗಿನ್ ಆಗಿ ನೋಡಿದೆ, ಎಲ್ಲವೂ ನಡೆಯುತ್ತಿತ್ತು. ನಿನ್ನ ಊರಿನಲ್ಲಿ ಸಿಗ್ನಲ್ ಇಲ್ಲ ಎಂದೆ. ಮತ್ತೆ ದೂರು, ಮತ್ತೆ ಇಣುಕಿದೆ, ಮತ್ತೆ ನಡೆಯುತ್ತಿತ್ತು. ನಿನ್ನ ಫೋನೇ ಹಳೆಯದು ಎಂದೆ. ಅವಳು ಜಗಳಕ್ಕೆ ಬರಲಿಲ್ಲ.

“ನಿನ್ನ ಡಬ್ಬಿ ನಮ್ಮನೆಯವರ ಥರ ಕಣಣ್ಣ, ನೀನು ಬಂದಾಗ ಮಾತ್ರ ಸರಿಯಾಗಿರ್ತದೆ” ಎಂದಳು.

ಸೀಮಂತದ ಬೆಳಗ್ಗೆ ತಾಯಲೂರಿಗೇ ಹೋದೆ. ರೇಷ್ಮೆ ಸೀರೆ ಉಟ್ಟು, ಬಳೆಯ ಪೊಟ್ಟಣ ಚೀಲಕ್ಕೆ ಹಾಕಿ ಬಾಗಿಲಿಗೆ ಬಂದವಳು, ಹುಳುಮನೆಯ ಕಡೆ ನೋಡಿ ಚೀಲವನ್ನು ತಿರುಗಿ ಮೊಳೆಗೆ ನೇತುಹಾಕಿದಳು. ನನಗೆ ರೇಗಿಹೋಯಿತು, ಅವಳ ಮೇಲೋ, ಡಬ್ಬಿಯ ಮೇಲೋ, ನನ್ನ ಮೇಲೋ ಗೊತ್ತಾಗಲಿಲ್ಲ. ನಾನೇ ಇಲ್ಲಿ ಕೂರ್ತೀನಿ, ನೀನು ಬಸ್ಸು ಹತ್ತು ಎಂದು ಅಟ್ಟಿದೆ.

ಕೂತೆ. ಟೀ ಲೋಟವನ್ನು ಶಾಖ ಅಳೆಯುವ ತಂತಿಗೆ ತಾಗಿಸಿದೆ. ಎಚ್ಚರಿಕೆ ನನಗೂ ಬರುವಂತೆ ಬರೆದಿದ್ದೆ, ಆದರೂ ಫೋನು ಸುಮ್ಮನಿತ್ತು, ಅದೂ ಸಿಗ್ನಲ್ ತುಂಬಿದ್ದ ನನ್ನ ಹೊಸ ಫೋನು. ಲ್ಯಾಪ್‌ಟಾಪ್ ತೆರೆದು ಲಾಗಿನ್ ಆದರೆ ಯಥಾಪ್ರಕಾರ ‘ನಡೆಯುತ್ತಿದೆ’. ಆ ದಿನ ಪಕ್ಕದ ಅಂಕಣವನ್ನೂ ಓದಿದೆ: ಎಷ್ಟು ಹೊತ್ತಿನಿಂದ? ಕೆಲವೇ ಸೆಕೆಂಡುಗಳಿಂದ! ಧಣಿಯ ಬೈಕಿನ ಸದ್ದು ಕೇಳಿ ಗುದ್ದಲಿ ಎತ್ತಿಕೊಂಡ ಆಳಿನ ಹಾಗೆ ನಾನು ಒಳಗೆ ಬಂದೊಡನೆ ಏಳುತ್ತಿತ್ತು, ಹೊರಟೊಡನೆ ಮಲಗುತ್ತಿತ್ತು. ಮೇಸ್ತ್ರಿಯನ್ನು ಬಿಡಿಸಿದವನು ನಾನೇ. ಗಂಟುಗಳೆಲ್ಲ ಈಗ ನನ್ನ ಹೆಸರಿನಲ್ಲಿ ನಡೆಯುತ್ತಿದ್ದವು, ಹೆಸರಿನವನೇ ಎದ್ದು ಹೋದರೆ ಅವು ಯಾಕೆ ಕೂತಿರಬೇಕು? ತಪ್ಪು ಸಾಧನದ್ದಲ್ಲ. ಹಳೆಯ ಹೆಸರಿಗೆ ಓಗೊಟ್ಟಿತೆಂದು ಹಳೆಯದೇ ಎಂದುಕೊಂಡದ್ದು ನಾನು. ಸಾಧನ ಬದಲಿಸುವವರಿಗೆ ನನ್ನದೊಂದೇ ಬುದ್ಧಿಮಾತು: ಏನು ಉಳಿಯಿತೆಂದು ಎಣಿಸುವ ಮೊದಲು, ತೆಗೆದುಹಾಕಿದವನು ಹೇಳದೆ ಕೇಳದೆ ಏನೇನು ಮಾಡುತ್ತಿದ್ದ ಎಂದು ವಿಚಾರಿಸಿ.

ಮದ್ದು ಒಂದೇ ಸಾಲು. ಲಿಂಗರ್ ಎಂಬ ಆಜ್ಞೆ. ನಾನು ಹೋದ ಮೇಲೂ ಉಳಿದಿರು ಎಂದು ಅರ್ಥ. ಕೊಟ್ಟೆ, ಲಾಗೌಟ್ ಆದೆ, ಬೇಕೆಂದೇ ಹೊರಗೆ ಒಂದು ಸುತ್ತು ಹಾಕಿ ಬಂದು, ಹೊಸದಾಗಿ ಕಾಯಿಸಿದ ಟೀ ತಾಗಿಸಿದೆ. ನನ್ನ ಫೋನು ಅರಚಿತು. ಮರುಗಳಿಗೆಯಲ್ಲೇ ರತ್ನಮ್ಮನ ಕರೆ, ಹಿಂದೆ ಸೋಬಾನೆ ಪದ, ಹೆಂಗಸರ ನಗು.

“ಅಣ್ಣಾ, ಫೋನ್ ಬಡ್ಕೊಳ್ತು. ಹುಳಕ್ಕೆ ಏನಾಯ್ತು?”

ಏನೂ ಆಗಿಲ್ಲ, ಪರೀಕ್ಷೆ ಮಾಡಿದೆ, ಇನ್ನು ನಾನು ಎದ್ದು ಹೋದರೂ ಅದು ಎಚ್ಚರವಿರುತ್ತದೆ ಎಂದು ಹೆಮ್ಮೆಯಿಂದ ವಿವರಿಸಿದೆ.

“ಅದು ಇರ್ಲಿ. ನೀನು ಎದ್ದು ಹೋಗ್ಬೇಡ. ನಾನು ಬರೋವರ್ಗೂ ಅಲ್ಲೇ ಇರು, ನೆಮ್ಮದಿಯಾಗಿ ಊಟ ಮಾಡ್ತೀನಿ. ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು ನೋಡು.”

ಚೌಕಾಸಿಗೆ ಬಾಯಿ ತೆರೆದೆ. ಆ ಕಡೆ ಆಗಲೇ ಆರತಿಗೆ ಕರೆಯುತ್ತಿದ್ದರು. ಸೊಪ್ಪಿನ ಮಂಕರಿ ಎತ್ತಿಕೊಂಡೆ.