ಬಾಯಲ್ಲಿ ಬೆರಳಿದ್ದ ಅರ್ಧ ತಾಸು

ನನ್ನ ಬಲಗೈಯ ತೋರುಬೆರಳನ್ನು ನೀವೊಮ್ಮೆ ನೋಡಬೇಕು. ಇಪ್ಪತ್ತೇಳು ವರ್ಷ ಅದರ ತುದಿಯಲ್ಲಿ, ಉಗುರಿನ ಸಂದಿಯಲ್ಲಿ ಕೂತಿದ್ದ ಕರಿ ಕಲೆ ಈಗ ಮಾಸುತ್ತ ಮಾಸುತ್ತ ಹುಣಸೆಬೀಜದ ಬಣ್ಣಕ್ಕೆ ಬಂದಿದೆ. ಹೊಸ ಉಂಗುರ ತೊಟ್ಟವಳ ಹಾಗೆ ದಿನಕ್ಕೆ ನಾಲ್ಕು ಸಲ ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತೇನೆ. ನಾನು ಮಿಶ್ರಿ ತಿಕ್ಕುವುದನ್ನು ಬಿಟ್ಟು ಇವತ್ತಿಗೆ ಹತ್ತೊಂಬತ್ತು ದಿನ! ಈ ಸುದ್ದಿಯನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋದೀತು ಎನ್ನಿಸಿ ನಿಮ್ಮನ್ನು ಹಿಡಿದು ಕೂರಿಸಿಕೊಂಡಿದ್ದೇನೆ.

ಮಿಶ್ರಿ ಎಂದರೇನೆಂದು ನಮ್ಮ ಇಂಡಿ, ಸಿಂದಗಿ ಕಡೆಯವರಿಗೆ ಹೇಳಬೇಕಿಲ್ಲ. ಉಳಿದವರು ಕೇಳಿ. ತಂಬಾಕಿನ ಎಲೆಯನ್ನು ರೊಟ್ಟಿಯ ಹಂಚಿನ ಮೇಲೆ ಕರಕಾಗುವತನಕ ಹುರಿದು, ಪುಡಿ ಮಾಡಿ, ಡಬ್ಬಿಯಲ್ಲಿ ತುಂಬಿಟ್ಟುಕೊಂಡು, ಬೆಳಗ್ಗೆ ಎದ್ದು ಬೆರಳಿನಿಂದ ಹಲ್ಲಿಗೂ ಒಸಡಿಗೂ ತಿಕ್ಕುವುದು. ಹುರಿಯುವ ದಿನ ಓಣಿಗೆ ಓಣಿಯೇ ಕೆಮ್ಮುತ್ತದೆ. ಗಂಡಸರು ಗುಟಕಾ ತಿಂದರೆ ಅದು ಚಟ. ಹೆಂಗಸರು ಮಿಶ್ರಿ ತಿಕ್ಕಿದರೆ ಅದು ಬರೀ ಹಲ್ಲುಪುಡಿ ಎಂದು ನಾವೇ ನಮ್ಮ ಸಮಾಧಾನಕ್ಕೆ ತೀರ್ಪು ಕೊಟ್ಟುಕೊಂಡಿದ್ದೇವೆ. ಮೊದಲ ಬಾಣಂತನಕ್ಕೆ ದೇವಣಗಾಂವದ ತವರಿಗೆ ಹೋದಾಗ ದವಡೆ ನೋವೆಂದು ಅಳುತ್ತಿದ್ದ ನನ್ನ ಬೆರಳಿಗೆ ಅವ್ವ ಒಂದು ಚಿಟಿಕೆ ಹಚ್ಚಿದಳು. ನೋವು ಎರಡು ದಿನಕ್ಕೆ ಹೋಯಿತು, ಮಿಶ್ರಿ ಉಳಿದುಕೊಂಡಿತು.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು. ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಕೈ ಮುಂದೆ ಚಾಚಿಸಿ, ತಂಬಾಕು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿಸುವವಳು. ಗುಟಕಾದ ಚೀಟಿ ಸಿಕ್ಕರೆ ಇದೇ ಬೆರಳು ತೋರಿಸಿ ಗದರಿಸುವವಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ನಾಲ್ಕನೆಯ ತರಗತಿಗೆ ವಿವರಿಸುವಾಗಲೂ ನನಗೆ ಒಂದು ಸಣ್ಣ ಕೆಮ್ಮೂ ಬರಲಿಲ್ಲ ಎಂದರೆ ಮನುಷ್ಯರ ಗಟ್ಟಿತನ ಎಂಥದ್ದೆಂದು ನೀವೇ ಯೋಚಿಸಿ.

ಈ ಕತೆಯಲ್ಲಿ ನಾನೊಬ್ಬಳೇ ಇಲ್ಲ. ಪಕ್ಕದ ಮನೆಯ ಹಾಜರಾಬಿ ಇದ್ದಾಳೆ. ಊರಿನ ಅರ್ಧ ಹೆಂಗಸರ ಕುಪ್ಪಸ ಹೊಲಿಯುವವಳು ಅವಳೇ. ನನ್ನ ಅಳತೆ ಅವಳಿಗೆ ಬಾಯಿಪಾಠ. ನಮ್ಮಿಬ್ಬರ ಹಿತ್ತಲ ನಡುವೆ ಒಂದು ಮೋಟುಗೋಡೆ, ಅದಕ್ಕೆ ಹೊಂದಿ ಒಂದು ಕಲ್ಲುಕಟ್ಟೆ. ಇಪ್ಪತ್ತು ವರ್ಷದಿಂದ ಬೆಳಗಿನ ಆರರಿಂದ ಆರೂವರೆಯವರೆಗೆ ನಾವಿಬ್ಬರೂ ಆ ಕಟ್ಟೆಯ ಮೇಲೆ, ಬಾಯಲ್ಲಿ ಬೆರಳಿಟ್ಟುಕೊಂಡು, ಮಾತಿಲ್ಲದೆ ಕೂತಿದ್ದೇವೆ. ಬಾಯಿ ತುಂಬ ಕರಿ ನೀರು ತುಂಬಿಕೊಂಡವರು ಆಡುವುದಾದರೂ ಏನು? ಆದರೂ ಅವಳ ಮಗಳ ಮದುವೆಯ ಚಿಂತೆ, ನನ್ನ ಅವ್ವ ಹೋದ ದುಃಖ, ಎಲ್ಲವೂ ಅಲ್ಲಿಯೇ ಆ ಊಂ, ಹೂಂಗಳಲ್ಲಿ ದಾಟಿಹೋದವು.

ಹೋದ ತಿಂಗಳು ಅವಳಿಗೆ ಖಾರ ತಿಂದರೆ ಬಾಯಿ ಉರಿಯತೊಡಗಿತು. ನಾನೇ ಬಸ್ಸು ಹತ್ತಿಸಿಕೊಂಡು ವಿಜಯಪುರದ ದಂತವೈದ್ಯರಲ್ಲಿಗೆ ಕರೆದೊಯ್ದೆ. ಅವರು ದೀಪ ಹಿಡಿದು ನೋಡಿ, ಒಳಗೆನ್ನೆಯಲ್ಲಿ ಬಿಳಿ ಪಟ್ಟೆ ಮೂಡಿದೆ, ಸದ್ಯಕ್ಕೆ ಕೆಟ್ಟದ್ದೇನೂ ಕಾಣುವುದಿಲ್ಲ, ಈಗಿಂದೀಗ ತಂಬಾಕು ನಿಲ್ಲಿಸಿದರೆ ಮಾಯವಾಗಲೂಬಹುದು, ನಿಲ್ಲಿಸದಿದ್ದರೆ ನಾನು ಹೊಣೆಯಲ್ಲ, ಮೂರು ತಿಂಗಳಿಗೆ ಮತ್ತೆ ತೋರಿಸಿ ಎಂದರು. ಹಾಜರಾಬಿ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟಳು. ನನಗೆ ಭಯವಾಯಿತು. ನನ್ನ ಬಾಯಿಯ ಭಯಕ್ಕಿಂತ ಅವಳಿಲ್ಲದ ಕಟ್ಟೆಯ ಭಯ ದೊಡ್ಡದಾಗಿತ್ತು.

ಅವತ್ತೇ ಇಬ್ಬರೂ ಶಪಥ ಮಾಡಿದೆವು. ಮಾಡಿ ಒಂದು ಮಹಾ ಜಾಣತನದ ತಪ್ಪು ಮಾಡಿದೆವು: ಒಬ್ಬರನ್ನು ನೋಡಿದರೆ ಒಬ್ಬರಿಗೆ ನೆನಪಾಗುತ್ತದೆಂದು ಕಟ್ಟೆಯ ಮೇಲೆ ಕೂರುವುದನ್ನೇ ನಿಲ್ಲಿಸಿದೆವು. ತಂಬಾಕಿನ ಹಿಡಿತ ಸುಳ್ಳಲ್ಲ. ತಲೆ ಸಿಡಿಯುತ್ತಿತ್ತು, ಹೊಟ್ಟೆ ಕಟ್ಟಿತ್ತು, ಹಾಜರಿ ಕೂಗುವಾಗ ಮಕ್ಕಳ ಹೆಸರೇ ಮರೆಯುತ್ತಿದ್ದವು. ನಾಲ್ಕನೆಯ ದಿನ ಗೋಡೆಯಾಚೆಯಿಂದ ಘಾಟು ಬಂತು. ತಂಬಾಕು ಹುರಿಯುವ ಘಾಟು! ಸಿಟ್ಟಿನಿಂದ ಧಡಧಡ ಹೋಗಿ ಅವಳ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೈಯಲು ಬಾಯಿ ತೆರೆದೆ. ಹಾಜರಾಬಿ ಹಂಚು ಬಿಟ್ಟು ನನ್ನ ಬಾಯಿಯನ್ನೇ ನೋಡಿದಳು. ಬೆಳಗ್ಗೆ ಬಚ್ಚಲಲ್ಲಿ ಕದ್ದು ತಿಕ್ಕಿದ್ದೆನಲ್ಲ, ನನ್ನ ಹಲ್ಲೂ ಕರ್ರಗೇ ಇತ್ತು.

ಇಬ್ಬರೂ ನೆಲಕ್ಕೆ ಕೂತು ನಕ್ಕೆವು. ಆಮೇಲೆ ಅವಳು ಅತ್ತಳು. ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು ಅವಳು ಹೇಳಿದ ಮಾತನ್ನು ನಾನು ಯಾವ ತರಬೇತಿಯಲ್ಲೂ ಕೇಳಿರಲಿಲ್ಲ.

"ಅಕ್ಕೋರ, ಬಾಯಾಗ ಬೆರಳಿದ್ದಾಕಿಗಿ ಯಾರೂ ಕೆಲಸ ಹೇಳಂಗಿಲ್ರಿ. ಇಡೀ ದಿನದಾಗ ನನ್ನುವು ಅಂತ ಇರೂವು ಅವು ಅರ್ಧಾ ತಾಸು ಅಷ್ಟ. ತಂಬಾಕ ಬಿಡು ಅಂದ್ರ ಬಿಟ್ಟೇನು. ಅದನ್ನ ಹೆಂಗ ಬಿಡ್ಲಿ?"

ಗೆಳೆಯರೇ, ಹೌದಲ್ಲ! ಯಜಮಾನರು ಒಳಗಿನಿಂದ ಏನಾದರೂ ಕೇಳಿದರೆ ನಾನು ಬಾಯಿಯತ್ತ ಕೈ ತೋರಿಸಿ 'ಊಂ' ಎನ್ನುತ್ತಿದ್ದೆ. ಕೇಳಿದ ಪ್ರಶ್ನೆ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೋಗುತ್ತಿತ್ತು. ನಾವು ಹಲ್ಲಿಗೆ ತಿಕ್ಕುತ್ತಿದ್ದದ್ದು ತಂಬಾಕನ್ನು, ನುಂಗುತ್ತಿದ್ದದ್ದು ಬಿಡುವನ್ನು. ವಿಷ ವಿಷವೇ, ಅದು ಒಳ್ಳೆಯ ಕಾರಣಕ್ಕೆ ಬಂದರೂ ಕೆನ್ನೆ ಸುಡುತ್ತದೆ. ಆದರೆ ಡಬ್ಬಿ ಕಸಿದುಕೊಂಡು ಆ ಜಾಗದಲ್ಲಿ ಏನನ್ನೂ ಇಡದೆ ಹೋದರೆ, ಖಾಲಿ ಗುಡಿಗೆ ಬಾವಲಿ ಬಂದಂತೆ ಚಟ ಮತ್ತೆ ಬಂದು ನೇತಾಡದೆ ಇನ್ನೇನು ಮಾಡೀತು?

ಅಂದಿನಿಂದ ನನ್ನ ಕಣ್ಣಿಗೆ ಎಲ್ಲ ಕಡೆ ಅರ್ಧ ತಾಸುಗಳೇ ಕಾಣುತ್ತಿವೆ. ಮುದ್ದೇಬಿಹಾಳದಿಂದ ಬಂದ ನಮ್ಮ ಸೊಸೆ ಸವಿತಾ ಮೊಬೈಲು ಹಿಡಿದು ಬಚ್ಚಲಿಗೆ ಹೋದರೆ ಬೇಗ ಹೊರಬರುವುದಿಲ್ಲ. ಕದದಾಚೆ ಸಣ್ಣ ದನಿಯಲ್ಲಿ ರೀಲ್ಸಿನ ಹಾಡು. ಎಷ್ಟು ಗೊಣಗಿದ್ದೆ, ಈಗಿನ ಹುಡುಗಿಯರು ಕೈಯಲ್ಲಿ ಫೋನು ಮೊಳೆತೇ ಹುಟ್ಟಿದ್ದಾರೆ ಎಂದು! ಬಚ್ಚಲಿಗಲ್ಲದೆ ಈ ಮನೆಯಲ್ಲಿ ಅವಳಿಗೆ ಇನ್ನಾವ ಕದಕ್ಕೆ ಚಿಲಕವಿತ್ತು? ಬೆಳಗ್ಗೆ ಎದ್ದ ಕೂಡಲೆ ಇನ್ನೂರು ಜನಕ್ಕೆ ಹೂವಿನ ಚಿತ್ರದ ಶುಭೋದಯ ಕಳಿಸುವ ನನ್ನ ಯಜಮಾನರೂ, ನಿವೃತ್ತರಾದ ಮೇಲೆ ಯಾರಾದರೂ ತಿರುಗಿ ನಮಸ್ಕಾರ ಹೇಳಲಿ ಎಂದು ಕಾಯುವವರೇ. ಗುಳಿಗೆ, ಸಿರಿಂಜುಗಳ ಕತ್ತಲೆಗೆ ಬಿದ್ದ ಮಕ್ಕಳ ಸಂಕಟ ನನ್ನ ಅರಿವಿಗೆ ಮೀರಿದ್ದು. ಅವರಿಗೆ ವೈದ್ಯರು ಬೇಕು, ಚಿಕಿತ್ಸೆ ಬೇಕು. ಆದರೂ ಅವರನ್ನು ನೋಡಿದವರು 'ಯಾಕೆ ತಗೊಂಡೆ' ಎಂದು ಬೈಯುವ ಮೊದಲು 'ಅದು ನಿನಗೆ ಏನು ಕೊಡುತ್ತಿತ್ತು' ಎಂದು ಒಮ್ಮೆ ಕೇಳಲಿ ಎಂದು ಆಸೆ. ಸವಿತಾಳನ್ನು ನಾನು ಹಾಗೆ ಕೇಳಿದೆ. ಮೊದಲು ಹೆದರಿದಳು. ಮರುದಿನ ಕಟ್ಟೆಗೆ ಬಂದು ಕೂತಳು. ಅದರ ಮರುದಿನ ಬರಲಿಲ್ಲ. ಇರಲಿ, ಬಚ್ಚಲ ಕದ ಬಡಿಯುವುದನ್ನಂತೂ ನಾನು ನಿಲ್ಲಿಸಿದ್ದೇನೆ.

ಮತ್ತೆ ಈ ಹತ್ತೊಂಬತ್ತು ದಿನಗಳ ಸುಖವನ್ನು ಏನೆಂದು ಹೇಳಲಿ! ಲಿಂಬೆಗೇ ಹೆಸರಾದ ಈ ಇಂಡಿ ಸೀಮೆಯಲ್ಲಿ ಇಷ್ಟು ವರ್ಷ ಬಾಳಿ ಲಿಂಬೆಯ ವಾಸನೆಯನ್ನೇ ಮರೆತಿದ್ದೆ. ಮೊನ್ನೆ ಸಂತೆಯಲ್ಲಿ ಒಂದು ಹಣ್ಣನ್ನು ಉಗುರಿನಿಂದ ಗೀರಿ ಮೂಗಿಗೆ ಹಿಡಿದೆ, ಕಣ್ಣಲ್ಲಿ ನೀರು ಬಂತು. ಮಾರುವವಳು ಹುಳಿಗೆ ಹೀಗಾಯಿತೆಂದು ತಿಳಿದಳು. ಮೆಂತ್ಯಪಲ್ಲೆಗೆ ಕಹಿಯಿದೆ, ಜೋಳದ ರೊಟ್ಟಿಗೆ ಸಿಹಿಯಿದೆ, ನನಗೆ ಐವತ್ತೊಂದನೆಯ ವಯಸ್ಸಿಗೆ ಹೊಸ ನಾಲಿಗೆ ಬಂದಿದೆ.

ಮೊದಲ ದಿನದ ಬೆಳಗನ್ನು ಮಾತ್ರ ಕೊನೆಗೆಂದು ಉಳಿಸಿಕೊಂಡಿದ್ದೇನೆ. ಹಂಚಿನ ಮುಂದೆ ಅತ್ತ ಮರುದಿನ ನಾವು ಮತ್ತೆ ಕಟ್ಟೆಗೆ ಬಂದು ಕೂತೆವು, ಬರಿ ಬಾಯಲ್ಲಿ. ಐದು ನಿಮಿಷ ಆಗಿರಲಿಲ್ಲ, ಒಳಗಿನಿಂದ ಯಜಮಾನರು ಚಹಾ ಕೇಳಿದರು. ಗೋಡೆಯಾಚೆಯಿಂದ ಹಾಜರಾಬಿಯ ಮಗ ಇಸ್ತ್ರಿ ಮಾಡಿದ ಅಂಗಿ ಎಲ್ಲಿ ಎಂದ. ಇಬ್ಬರೂ ಅರ್ಧ ಎದ್ದೆವು. ಹಾಜರಾಬಿಯ ಕೈ ಸೊಂಟಕ್ಕೆ ಹೋಯಿತು; ಡಬ್ಬಿ ಅಲ್ಲೇ ಇತ್ತು. ಮುಚ್ಚಳ ತೆಗೆದು ಚಿಟಿಕೆ ಹಿಡಿದಳು, ನನ್ನ ಮುಖ ನೋಡಲಿಲ್ಲ. ತರಗತಿಯ ಕೊನೆಯ ಸಾಲಿಗೂ ಮುಟ್ಟುವ ದನಿ ನನ್ನದು, ಆದರೆ ಅದನ್ನು ನನ್ನ ಮನೆಯ ಕಡೆಗೆ ತಿರುಗಿಸಿದ್ದು ಅವತ್ತೇ.

"ಚಾಪುಡಿ ಎರಡನೇ ಡಬ್ಬ್ಯಾಗ ಐತ್ರಿ. ನೀವ ಮಾಡ್ಕೋರಿ. ನಾವಿಲ್ಲಿ ಕುಂತೇವಿ."

ಒಳಗೆ ಡಬ್ಬಿ ತಡಕಾಡಿದ ಸದ್ದು. ಆಮೇಲೆ ಗ್ಯಾಸ್ ಹೊತ್ತಿದ ಸದ್ದು. ಹಾಜರಾಬಿ ಬೆರಳ ತುದಿಯ ಪುಡಿಯನ್ನು ಕಟ್ಟೆಯ ಅಂಚಿಗೆ ಕೊಡವಿ, ಮತ್ತೆ ಕೂತು, ಗೋಡೆಯಾಚೆಗೆ ಮುಖ ಮಾಡಿ ತನ್ನ ಮಗನಿಗೆ ಹೇಳಿದಳು:

"ಅರ್ಧಾ ತಾಸು ತಡಿ. ನಾ ಕುಂತೇನಿ."