ನನ್ನ ತಲೆಯ ಮೇಲಿನ ಆಣೆ

ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ಅಮಾವಾಸ್ಯೆಯ ದಿನ ಯಾರೂ ಮಗ್ಗ ಮುಟ್ಟುವಂತಿರಲಿಲ್ಲ. ತಿಂಗಳಿಡೀ ಲಾಳಿಯ ಸದ್ದು ಕೇಳುತ್ತಿದ್ದ ಬೀದಿ ಆ ದಿನ ಸಾವಿನ ಮನೆಯ ಹಾಗೆ ಇರುತ್ತಿತ್ತು. ಆ ಮೌನ ನನಗೆ ಆಗುತ್ತಿರಲಿಲ್ಲ. ಕೈಗೆ ಕೆಲಸವಿಲ್ಲದ ಗಂಡಸರು ಮುಖ ತೊಳೆದು, ತಲೆ ಬಾಚಿ, ದೇವಸ್ಥಾನಕ್ಕೆ ಹೊರಟವರಂತೆ ರಾಜಘಟ್ಟದ ದಾರಿಯ ಈಚಲ ತೋಪಿನ ಹೆಂಡದಂಗಡಿಗೆ ಹೊರಡುತ್ತಿದ್ದರು. ನಮ್ಮ ಯಜಮಾನರೇ ಮುಂದಾಳು.

ಯುದ್ಧ ಶುರುವಾದ ಮೇಲೆ ರೇಷ್ಮೆಯೆಲ್ಲ ಪ್ಯಾರಾಚೂಟಿಗೆ ಹೋಗುತ್ತಿದೆಯೆಂದು ನೂಲು ಸಿಗುವುದು ಕಷ್ಟವಾಯಿತು. ನೂಲಿಲ್ಲದ ದಿನವೆಲ್ಲ ನಮ್ಮವರಿಗೆ ಅಮಾವಾಸ್ಯೆಯೇ. ಕುಡಿದು ಬಂದು ಹೊಡೆಯುವವರಲ್ಲ, ಅದನ್ನು ಹೇಳಿಬಿಡುತ್ತೇನೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಅಳುತ್ತಿದ್ದರು. ಒಮ್ಮೆ ರಕ್ತ ಕಾರಿದರು. ಪಂಡಿತರು ನಾಡಿ ನೋಡಿ, "ಇನ್ನು ಕುಡಿದ್ರೆ ನನ್ನ ಕರೀಬೇಡಿ, ಹೊರೋರನ್ನ ಕರೀರಿ" ಎಂದು ಎದ್ದು ಹೋದರು.

ಹೆಂಡ ಬಿಟ್ಟವರ ಭಜನೆಯೊಂದು ಮೇಲಿನ ಬೀದಿಯಲ್ಲಿದೆ ಎಂದು ಹೇಳಿದವಳು, ನನ್ನ ಜೊತೆ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಪಕ್ಕದ ಮನೆಯಾಕೆ. ಊರವರು ಅದಕ್ಕೆ ಕುಡುಕರ ಭಜನೆ ಎಂದು ಹೆಸರಿಟ್ಟು ನಗುತ್ತಿದ್ದರು. ಅಮಾವಾಸ್ಯೆಯ ಬೆಳಗ್ಗೆಯೇ ಒಬ್ಬ ಮುದುಕ ನೇಕಾರರ ಪಡಸಾಲೆಯಲ್ಲಿ ಸೇರಿ, ಹೊತ್ತು ಮುಳುಗುವವರೆಗೆ ತಾಳ ತಟ್ಟುತ್ತ, ಯಾರೂ ತೋಪಿನ ಕಡೆ ಹೋಗದ ಹಾಗೆ ಒಬ್ಬರನ್ನೊಬ್ಬರು ಕಾಯುವುದು ಅವರ ಕ್ರಮ. ಹೆಂಗಸರಿಗೆ ಹೊರಗೆ ಜಗಲಿ. ಒಂದು ಅಮಾವಾಸ್ಯೆ ನಮ್ಮವರನ್ನು ಒಪ್ಪಿಸಿ ಒಳಗೆ ಕಳಿಸಿ, ನಾನು ಜಗಲಿಯಲ್ಲಿ ಕೂತೆ. ಹಾಡಿನ ನಡುವೆ ಒಬ್ಬೊಬ್ಬರು ತಾವು ಕುಡಿದು ಮಾಡಿದ್ದನ್ನು ಹೇಳಿಕೊಳ್ಳುತ್ತಿದ್ದರು. ಒಬ್ಬ ತಾಯಿಯ ಹೆಣ ಎತ್ತುವ ಹೊತ್ತಿನಲ್ಲಿ ತೋಪಿನಲ್ಲಿ ಬಿದ್ದಿದ್ದನಂತೆ. ಕೇಳುತ್ತ ಕೇಳುತ್ತ ನಮ್ಮವರ ಕುತ್ತಿಗೆ ಬಗ್ಗಿತು. ನನಗೆ ಹಿತವಾಯಿತು, ಸುಳ್ಳೇಕೆ.

ಸೇರುವವರು ಆಣೆ ಇಡಬೇಕಿತ್ತು, ಅದೂ ಪ್ರಾಣಕ್ಕಿಂತ ಹೆಚ್ಚಾದವರ ತಲೆ ಮುಟ್ಟಿ. ನಮಗೆ ಮಕ್ಕಳಿರಲಿಲ್ಲ. ಮುದುಕರು ನನ್ನನ್ನು ಬಾಗಿಲ ಬಳಿ ಕರೆದರು. "ಇವಳ ತಲೆಯಾಣೆ, ಇನ್ನು ಮುಟ್ಟಲ್ಲ" ಎಂದು ನಮ್ಮವರು ನನ್ನ ನೆತ್ತಿಯ ಮೇಲೆ ಕೈಯಿಟ್ಟರು. ಮದುವೆಯಾದ ಮೇಲೆ ನಾಲ್ಕು ಜನರ ಮುಂದೆ ನನ್ನನ್ನು ಮುಟ್ಟಿದ್ದು ಅದೇ ಮೊದಲು, ನಾಚಿಕೆಯೂ ಆಯಿತು.

ಮನೆಗೆ ಬಂದ ಮೇಲೆ ಪಕ್ಕದ ಮನೆಯಾಕೆ ಮೆಲ್ಲಗೆ ಬಾಯಿಬಿಟ್ಟಳು. "ಅಕ್ಕಾ, ಮೂಲೆ ಮನೆಯೋನು ಮಗಳ ತಲೆ ಮುಟ್ಟಿ ಆಣೆ ಇಟ್ಟಿದ್ದ. ಕುಡ್ದ್ಬಿಟ್ಟ. ಆ ತಿಂಗಳೇ ಸಿಡುಬೆದ್ದು ಮಗು ಹೋಗ್ಬಿಡ್ತು."

"ಇದನ್ನ ಮೊದ್ಲೇ ಬೊಗಳೋಕೆ ನಿಂಗೇನಾಗಿತ್ತೇ?" ಎಂದು ರೇಗಿದೆ.

ಆ ವರ್ಷ ಸಿಡುಬು ಎಷ್ಟೋ ಮನೆಗಳಿಗೆ ಬಂದಿತ್ತು, ಹೆಂಡದ ವಾಸನೆಯೇ ಇಲ್ಲದ ಮನೆಗಳಿಗೂ. ಆದರೂ ಆಣೆಯೇ ಮಗುವನ್ನು ತಿಂದಿತೆಂದು ಬೀದಿಯೆಲ್ಲ ನಂಬಿತ್ತು. ಆ ತಂದೆ ಮತ್ತೆ ಭಜನೆಗೆ ಬರಲಿಲ್ಲ. ಆಣೆ ಮುರಿದವರನ್ನು ಸೇರಿಸುವ ಪದ್ಧತಿಯೂ ಇರಲಿಲ್ಲ.

ನಮ್ಮವರು ಕೆಲವು ತಿಂಗಳು ಚೆನ್ನಾಗಿದ್ದರು. ಆಮೇಲೆ ಒಂದು ಸಂಜೆ ಹಿತ್ತಿಲ ಬಾಗಿಲಿಂದ ಬಂದರು, ವಾಸನೆ ಮುಚ್ಚಲು ಬಾಯಿ ತುಂಬ ಎಲೆಯಡಿಕೆ. ಅಂದಿನಿಂದ ನನ್ನನ್ನು ನೋಡುವ ನೋಟ ಬದಲಾಯಿತು. ಒಲೆ ಊದುವಾಗ ನಾನು ಕೆಮ್ಮಿದರೆ ಮಗ್ಗ ನಿಲ್ಲುತ್ತಿತ್ತು. ಹಣೆ ಮುಟ್ಟಿ ನೋಡುವರು, ತೋಳಿನ ಮೇಲೆ ಗುಳ್ಳೆ ಎದ್ದಿದೆಯೇ ಎಂದು ಹುಡುಕುವರು. ಬಾವಿಗೆ ಹೋದರೆ ಹಿಂದೆಯೇ ಬಂದು ಹಗ್ಗ ಕಸಿದುಕೊಳ್ಳುವರು. ಬದುಕಿರುವವಳನ್ನು ಸತ್ತವಳಂತೆ ನೋಡಿದರೆ ಹೇಗಿರುತ್ತದೆ? ನನಗೂ ಭಯ ಹತ್ತಿತು, ಊಟ ಸೇರದೆ ಸೊರಗಿದೆ. ನಾನು ಸೊರಗಿದ್ದು ಕಂಡು ಅವರು ಇನ್ನಷ್ಟು ಕುಡಿದರು.

ಅಷ್ಟರಲ್ಲಿ ಮೂಲೆ ಮನೆಯವನ ಹೆಣ ಕೆರೆಯಲ್ಲಿ ತೇಲಿತು. ಹೆಗಲು ಕೊಡಲು ಹೋದ ನಮ್ಮವರು ತಿರುಗಿ ಬಂದು, "ಇನ್ನು ನಮ್ಮನೆ ಸರದಿ ಕಣೇ" ಎಂದು ಗೋಡೆಗೆ ಒರಗಿ ಕೂತರು. ಕೆಮ್ಮಿದಾಗ ಅವರ ಪಂಚೆಯ ಅಂಚಿಗೆ ರಕ್ತ ಅಂಟಿತು.

ಅದನ್ನು ನೋಡಿ ನನಗೆ ಭಯಕ್ಕಿಂತ ಸಿಟ್ಟು ಬಂತು. ಮುಂದಿನ ಅಮಾವಾಸ್ಯೆ ಕೈ ಹಿಡಿದು ಎಳೆದುಕೊಂಡೇ ಭಜನೆಗೆ ಹೋದೆ. ಮುದುಕರು ತಾಳ ನಿಲ್ಲಿಸಿ ಎದ್ದು ಬಂದು ಬಾಗಿಲಿಗೆ ಅಡ್ಡ ಕೈ ಚಾಚಿದರು. "ಬೇಡ ಕಣವ್ವಾ. ಆಣೆ ಮುರ್ದೋನು ಒಳಗೆ ಬಂದ್ರೆ ಎಲ್ರಿಗೂ ಕೇಡು."

"ಯಾರ ತಲೆ ಮೇಲೆ ಇಟ್ಟಿದ್ದು ಆಣೆ? ನನ್ನ ತಲೆ ತಾನೆ? ಗಟ್ಟಿಯಾಗೇ ಇದೆ, ಬೇಕಾದ್ರೆ ಕುಟ್ಟಿ ನೋಡಿ" ಎಂದೆ. ಒಳಗೆ ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. "ಇವ್ರು ಇಲ್ಲಿ ಕೂರ್ದಿದ್ರೆ ತೋಪಲ್ಲಿ ಕೂರ್ತಾರೆ ತಾತ. ಈ ಸಲ ಅಲ್ಲಿ ಕೂತ್ರೆ ಏಳಲ್ಲ."

ಮುದುಕರು ಕೈ ಇಳಿಸಿದರು. ಆದರೆ ಪದ್ಧತಿ ಬಿಡಲು ಅವರಿಂದ ಆಗಲಿಲ್ಲ. "ಹೊಸ್ದಾಗಿ ಆಣೆ ಇಡಪ್ಪಾ. ಯಾರ ತಲೆ?"

ನಾನು ಮುಂದೆ ಬಂದು ತಲೆ ಬಗ್ಗಿಸಿದೆ. ನೆತ್ತಿಗೆ ಕೈ ತಾಗಲಿಲ್ಲ. ಕತ್ತೆತ್ತಿ ನೋಡಿದರೆ ನಮ್ಮವರು ಕೈಯನ್ನು ತಮ್ಮ ತಲೆಯ ಮೇಲೇ ಇಟ್ಟುಕೊಂಡಿದ್ದರು. ಸುತ್ತ ಗಂಡಸರಿದ್ದಾರೆ ಎಂಬುದೂ ಮರೆತು, "ಬೇಡ ರೀ, ನನ್ನ ಮೇಲೇ ಇಡಿ, ಕೈ ತೆಗೀರಿ" ಎಂದು ಕೂಗಿದೆ. ಅವರು ತೆಗೆಯಲಿಲ್ಲ.