ಆಮೆಯ ಬುರುಡೆಯಲ್ಲಿ ನಾನು ಮುಚ್ಚಿಸಿದ ತೂತುಗಳು

ಧಾರವಾಡದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಕಾಲಕ್ಕೆ, ಆಮೆಯ ವಿಷಯದಲ್ಲಿ ಊರಿನ ಮಟ್ಟಿಗೆ ನನ್ನದೇ ಕೊನೆಯ ಮಾತು. ಬೇರೆ ಯಾರೂ ಸ್ಪರ್ಧೆಗೆ ಇಳಿದಿರಲಿಲ್ಲ. ಹಲ್ಲಿ, ಮೊಸಳೆಗಳ ಬುರುಡೆಯಲ್ಲಿ ಕಣ್ಣಿನ ಹಿಂದೆ ಕಿಟಕಿಯಂಥ ತೂತುಗಳಿರುತ್ತವೆ; ದವಡೆಯ ಸ್ನಾಯು ಉಬ್ಬಲು ಅಲ್ಲಿ ಜಾಗ. ಆಮೆಗೆ ಆ ಕಿಟಕಿಗಳಿಲ್ಲ. ಆದ್ದರಿಂದ ಆಮೆಯದು ಕಿಟಕಿಗಳು ಹುಟ್ಟುವ ಮೊದಲೇ ಬೇರೆಯಾದ ಪುರಾತನ ಕುಲ ಎಂದು ಪ್ರತಿವರ್ಷ ಅದೇ ಜಾಗದಲ್ಲಿ ಕೆಮ್ಮಿ ಹೇಳುತ್ತಿದ್ದೆ.

ನನ್ನ ನಿವೃತ್ತಿಗೆ ಎರಡು ವರ್ಷವಿದ್ದಾಗ, ಆಮೆಯ ಬಹು ಹಳೆಯ ಪೂರ್ವಜ ಜೀವಿಯೊಂದರ ಕಲ್ಲಾದ ಬುರುಡೆಯ ಪ್ಲಾಸ್ಟರ್ ಪ್ರತಿ ಪಾರ್ಸೆಲ್‌ನಲ್ಲಿ ಬಂತು. ಮರುದಿನ ತಪಾಸಣಾ ಸಮಿತಿ ಬರುವುದಿತ್ತು. ನಮ್ಮ ಮ್ಯೂಸಿಯಂನ ಅಟೆಂಡರ್ ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಕಣ್ಣಿನ ಹಿಂದೆ, ಎರಡೂ ಬದಿಗೆ, ತೂತು.

"ಒಡದಿಯಲ್ಲೋ ಮಾರಾಯಾ!" ಎಂದೆ.

"ಇಲ್ಲರಿ ಸರ್. ಒಡದದ್ದಿದ್ರ ಅಂಚು ಚೂಪ ಇರತೈತಿ. ಮುಟ್ಟಿ ನೋಡ್ರಿ, ಎಷ್ಟ ನುಣ್ಣಗ ಐತಿ. ಅದೂ ಎರಡೂ ಕಡೆ ಒಂದ ಜಾಗಾದಾಗ ಹೆಂಗ ಒಡಿತೈತ್ರಿ?"

ಅವನದು ಕಮರಿಪೇಟೆಯಲ್ಲಿ ಗಣಪತಿ ಮೂರ್ತಿ ಮಾಡುವ ಮನೆತನ. ಅಂಚುಗಳ ವಿಷಯ ಅವನ ಬೆರಳಿಗೆ ಗೊತ್ತಿತ್ತು. ನನಗೆ ಪುಸ್ತಕ ಗೊತ್ತಿತ್ತು.

"ಆಮಿ ಬಗ್ಗೆ ನನಗ ಪಾಠಾ ಹೇಳ್ತೀ ಏನು? ಮುಚ್ಚು ಅದನ್ನ."

ಪ್ಲಾಸ್ಟರ್ ಮೆತ್ತಿ ಮುಚ್ಚಿದ. ಕೆಲಸ ಎಷ್ಟು ಚೊಕ್ಕವಾಗಿತ್ತೆಂದರೆ ಸಮಿತಿಯವರು ಬುರುಡೆಯನ್ನು ಮೆಚ್ಚಿ, ಚಹಾ ಕುಡಿದು ಹೋದರು. ನಾನಾದರೋ ನಿಯಮ ಬಿಡದ ಮನುಷ್ಯ. 'ಅಟೆಂಡರನ ಅಜಾಗರೂಕತೆಯಿಂದ ಮಾದರಿಗೆ ಹಾನಿ' ಎಂದು ಅಂದೇ ಮೆಮೊ ಬರೆದೆ. ಅದು ಅವನ ಸೇವಾ ಪುಸ್ತಕ ಸೇರಿತು. ಮ್ಯೂಸಿಯಂ ನೋಡಿಕೊಳ್ಳುವ ಮೇಲಿನ ಹುದ್ದೆಗೆ ಅವನ ಹೆಸರು ಹೋದಾಗ, ಆ ಒಂದು ಸಾಲು ನೋಡಿ ತಿರುಗಿ ಕಳಿಸಿದರು. ಅಟೆಂಡರನಾಗಿಯೇ ನಿವೃತ್ತನಾದ.

ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನ ಮೊಬೈಲಿಗೆ ಒಂದು ಚಿತ್ರ ಕಳಿಸಿದಳು. ಅದೇ ಬುರುಡೆ, ಅವೇ ತೂತುಗಳು. ಆಮೆಯ ಪೂರ್ವಜರಿಗೆ ಕಿಟಕಿಗಳಿದ್ದವಂತೆ. ಮುಂದಿನ ಪೀಳಿಗೆಗಳಲ್ಲಿ ಎಲುಬು ಬೆಳೆದು ಮುಚ್ಚಿಹೋದವಂತೆ. ಆಮೆ ಹಲ್ಲಿ, ಮೊಸಳೆಗಳ ಬಳಗವೇ. ಪ್ರಕೃತಿಗೆ ಕೋಟ್ಯಂತರ ವರ್ಷ ಹಿಡಿದ ಕೆಲಸವನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಮಾಡಿಸಿದ್ದೆ.

ಕಮರಿಪೇಟೆಗೆ ಹೋದೆ. ಗುಟ್ಕಾ ಅವನ ದವಡೆಗೆ ಕ್ಯಾನ್ಸರ್ ತಂದಿತ್ತು. ಎಡಭಾಗ ಕತ್ತರಿಸಿ ತೆಗೆದಿದ್ದರು. ಉಳಿದ ಬಾಯಿ ಒಂದು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಅವನು ಗೊಣಗಿದ್ದನ್ನು ಅವನ ಹೆಂಡತಿ ಬಿಡಿಸಿ ಹೇಳುತ್ತಿದ್ದರು.

ಮೂರು ಪುಟದ ಪತ್ರ ಬರೆದು ಒಯ್ದಿದ್ದೆ. ಆಕೆ ಓದತೊಡಗಿದರು: ಸರೀಸೃಪಗಳ ಬುರುಡೆಯ ರಚನೆ, ಹಳೆಯ ಮತ, ಹೊಸ ಮತ. ಎರಡನೆಯ ಪುಟದ ನಡುವೆ ಅವನು ಕೈ ಎತ್ತಿ ಏನೋ ಅಂದ.

"ನಾ ಒಡದಿಲ್ಲ ಅನ್ನೂದು ಎಲ್ಲೈತಿ ಅಂತ ಕೇಳಾಕತ್ತಾರ್ರಿ."

ಹುಡುಕಿದೆ. ಮೂರನೆಯ ಪುಟದ ಕೊನೆಗೆ, 'ಈ ಹಿನ್ನೆಲೆಯಲ್ಲಿ ಹಿಂದಿನ ಟಿಪ್ಪಣಿಯ ಮರುಪರಿಶೀಲನೆ ಸೂಕ್ತ' ಎಂದಿತ್ತು. ಅಷ್ಟೇ.

"ಇದನ್ನ ಆಫೀಸಿನ್ಯಾಗ ಕೊಟ್ರ ನಡೀತೈತೇನ್ರಿ ಸರ್?" ಎಂದು ಆಕೆ ಕೇಳಿದರು.

"ಕೇಳಿ ಬಂದೇನ್ರಿ. ನಿವೃತ್ತರ ಪುಸ್ತಕದಾಗ ಇನ್ನ ಏನೂ ತಿದ್ದೂದಿಲ್ಲಂತ."

"ಹಂಗಾದ್ರ ಯಾಕ ತಂದ್ರಿ?"

ನಾನು ಪುಟಗಳನ್ನು ಮಡಚತೊಡಗಿದೆ. ಅವನು ಮತ್ತೆ ಗೊಣಗಿದ.

"ಅವರಿಗೆ ಬ್ಯಾಡ, ನನಗ ಬರದ ಕೊಡ್ರಿ ಅಂತಾರ. ಅಪ್ಪಾ ಏನ ಒಡದಿದ್ದಿ ಅಂತ ಮಗಳು ಇನ್ನೂ ಕೇಳ್ತಾಳ್ರಿ."

ಕೊನೆಯ ಪುಟದ ಹಿಂಬದಿಗೆ ಬರೆದೆ: 'ಇವರು ಏನನ್ನೂ ಒಡೆದಿಲ್ಲ. ಒಡೆದರೆಂದು ಸುಳ್ಳು ಬರೆದವನು ನಾನು.' ಸಹಿ ಹಾಕಿದೆ.

ಆಕೆ ಗಟ್ಟಿಯಾಗಿ ಓದಿದರು. ಇನ್ನೊಮ್ಮೆ ಎಂದು ಅವನು ಬೆರಳಾಡಿಸಿದ. ಓದಿದರು. ಆಮೇಲೆ ಆಸ್ಪತ್ರೆಯ ಕಾಗದಗಳಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ಇಟ್ಟರು. ಆ ಮನೆಯಲ್ಲಿ ಈಗ ಕಾಗದ ಇಡಲು ಬೇರೆ ಜಾಗವಿರಲಿಲ್ಲ. ಅವನು ಗೋಡೆಯ ಕಡೆ ಹೊರಳಿದ. ಹೋಗಿ ಬರ್ರಿ ಎನ್ನಲಿಲ್ಲ, ಕೂಡ್ರಿ ಎನ್ನಲೂ ಇಲ್ಲ. ನಾನಾಗಿಯೇ ಎದ್ದೆ.